ರಿಪೋರ್ಟ್‌ನಲ್ಲಿ ಬರೆದ ಎಡ ಯಾರ ಎಡ? ದೇಹದ ದಿಕ್ಕುಗಳನ್ನು ಓದುವ ಬಗೆ

ದೇಹದೊಳಗಿನ ಅಂಗಗಳನ್ನು ತೋರಿಸುವ ಬಣ್ಣದ ಚಿತ್ರವೊಂದು ಎಲ್ಲರ ಮೊಬೈಲ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಅದರಲ್ಲಿ ಲಿವರ್ ಪರದೆಯ ಎಡಗಡೆ ಕಾಣುತ್ತದೆ. ಚಿತ್ರ ನೋಡಿದವರು ತಮ್ಮ ಎಡಪಕ್ಕೆಯನ್ನು ಮುಟ್ಟಿಕೊಂಡು "ಲಿವರ್ ಇಲ್ಲೈತಿ" ಎನ್ನುತ್ತಾರೆ. ಚಿತ್ರ ಸರಿಯಾಗಿಯೇ ಇದೆ, ಓದಿದ್ದು ತಪ್ಪು. ಲಿವರ್ ಇರುವುದು ಬಹುಪಾಲು ಬಲಗಡೆ, ಪಕ್ಕೆಲುಬುಗಳ ಕೆಳಗೆ. ಚಿತ್ರದಲ್ಲಿರುವ ವ್ಯಕ್ತಿ ನಮ್ಮ ಎದುರು ಮುಖ ಮಾಡಿ ನಿಂತಿರುವುದರಿಂದ ಅವನ ಬಲ ನಮ್ಮ ಎಡಕ್ಕೆ ಬಂದಿದೆ, ಅಷ್ಟೇ.

ಚಿತ್ರವನ್ನು ಹೀಗೆ ತಪ್ಪಾಗಿ ಓದಿದರೆ ದೊಡ್ಡ ನಷ್ಟವೇನೂ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ಹಾಗೆ ಓದಿದರೆ ಇದೆ. ಬಬಲೇಶ್ವರದಿಂದಲೋ ತಿಕೋಟಾದಿಂದಲೋ ವಿಜಯಪುರಕ್ಕೆ ಬಂದು ಎಕ್ಸ್‌ರೇ, ಸಿಟಿ, ಎಂಆರ್‌ಐ ಮಾಡಿಸಿಕೊಂಡವರು ಮನೆ ಮುಟ್ಟುವ ಮೊದಲೇ ಅದರ ಫೋಟೊ ಕುಟುಂಬದ ಗ್ರೂಪ್‌ಗೆ ಹೋಗಿರುತ್ತದೆ. ಪುಣೆಯಲ್ಲಿರುವ ಅಳಿಯ, ಬೆಂಗಳೂರಿನಲ್ಲಿರುವ ಮಗಳು, ಪರಿಚಯದ ಮೆಡಿಕಲ್ ಶಾಪಿನವರು ಎಲ್ಲರೂ ತಮ್ಮ ತಮ್ಮ ಅರ್ಥ ಹೇಳುತ್ತಾರೆ. ಅಲ್ಲಿರುವ ಪದಗಳಲ್ಲಿ ಅರ್ಧದಷ್ಟು ಕಾಯಿಲೆಯ ಹೆಸರೇ ಅಲ್ಲ, ಬರೀ ದಿಕ್ಕಿನ ಹೆಸರು. ಆ ದಿಕ್ಕುಗಳು ತಿಳಿದರೆ ರಿಪೋರ್ಟ್‌ನ ಹೆದರಿಕೆ ಸಾಕಷ್ಟು ಇಳಿಯುತ್ತದೆ ಎಂಬುದು ನಮ್ಮ ಅನಿಸಿಕೆ.

ನದಿಗೂ ಎಡ ಬಲ ಇದೆ

ನಮ್ಮ ಜಿಲ್ಲೆಯವರಿಗೆ ಈ ನಿಯಮ ಹೊಸದಲ್ಲ. ಆಲಮಟ್ಟಿಯ ಎಡದಂಡೆ ಕಾಲುವೆ, ಬಲದಂಡೆ ಕಾಲುವೆ ಎಂದು ದಿನವೂ ಹೇಳುತ್ತೇವೆ. ಅಲ್ಲಿ ಎಡ ಬಲ ಯಾರದ್ದು? ಅಣೆಕಟ್ಟೆಯ ಮೇಲೆ ನಿಂತು ಹಿನ್ನೀರಿನ ಕಡೆ ಮುಖ ಮಾಡಿದವರಿಗೆ ವಿಜಯಪುರದ ದಂಡೆ ಬಲಗೈ ಕಡೆ ಬರುತ್ತದೆ. ಆದರೂ ಅದು ಎಡದಂಡೆಯೇ. ಏಕೆಂದರೆ ನದಿಯ ಎಡ ಬಲವನ್ನು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಹೇಳಬೇಕು. ಕೃಷ್ಣೆ ಪೂರ್ವಕ್ಕೆ ಹರಿಯುತ್ತಾಳೆ, ಆದ್ದರಿಂದ ಉತ್ತರದ ದಂಡೆ ಎಡ, ದಕ್ಷಿಣದ ದಂಡೆ ಬಲ. ನೋಡುವವರು ಎಲ್ಲಿಯೇ ನಿಂತಿರಲಿ, ಅದು ಬದಲಾಗುವುದಿಲ್ಲ.

ದೇಹಕ್ಕೂ ಹೀಗೆಯೇ. ವೈದ್ಯರು ಎಡ ಎಂದರೆ ರೋಗಿಯ ಎಡ. ಇದಕ್ಕಾಗಿ ಇಡೀ ಜಗತ್ತು ಒಪ್ಪಿಕೊಂಡ ಒಂದು ನಿಲುವು ಇದೆ: ನೆಟ್ಟಗೆ ನಿಲ್ಲುವುದು, ಮುಖ ಮುಂದಕ್ಕೆ, ಪಾದಗಳು ಮುಂದಕ್ಕೆ, ಕೈಗಳು ಪಕ್ಕದಲ್ಲಿ ಇಳಿಬಿಟ್ಟು ಅಂಗೈ ಮುಂದಕ್ಕೆ ತಿರುಗಿಸಿರುವುದು. ಅಂಗೈ ಏಕೆ ಮುಂದಕ್ಕೆ? ಹಾಗೆ ಹಿಡಿದಾಗ ಮೊಣಕೈಯಿಂದ ಮಣಿಕಟ್ಟಿನವರೆಗಿನ ಎರಡು ಎಲುಬುಗಳು ಅಕ್ಕಪಕ್ಕ ನೇರವಾಗಿರುತ್ತವೆ, ಅಂಗೈ ತಿರುವಿದರೆ ಒಂದರ ಮೇಲೊಂದು ಅಡ್ಡ ಬರುತ್ತವೆ. ರೋಗಿ ಮಂಚದ ಮೇಲೆ ಮಲಗಿರಲಿ, ಬೋರಲು ಬಿದ್ದಿರಲಿ, ರಿಪೋರ್ಟ್ ಬರೆಯುವವರ ಮನಸ್ಸಿನಲ್ಲಿ ಅವರು ಹೀಗೆಯೇ ನಿಂತಿರುತ್ತಾರೆ. ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ: 1984ರಲ್ಲಿ ಆರಂಭವಾದ ಅಲ್-ಅಮೀನ್ ಮತ್ತು 1986ರಲ್ಲಿ ಆರಂಭವಾದ ಬಿಎಲ್‌ಡಿಇ ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು. ಅಲ್ಲಾಗಲಿ, ಅಮೆರಿಕದಲ್ಲಾಗಲಿ, ಅಂಗರಚನೆಯ ಪಾಠ ಶುರುವಾಗುವುದು ಈ ನಿಲುವಿನಿಂದಲೇ.

ಫಿಲ್ಮ್ ತಿರುಗಿದೆಯೇ? ಅಕ್ಷರ ನೋಡಿ

ಎಕ್ಸ್‌ರೇ ಫಿಲ್ಮ್ ಪಾರದರ್ಶಕ. ಕಿಟಕಿಗೆ ಹಿಡಿದು ಫೋಟೊ ತೆಗೆಯುವಾಗ ಹಿಂದುಮುಂದಾದರೂ ಚಿತ್ರ ಹಾಗೆಯೇ ಕಾಣುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳು ಹೆಚ್ಚಾಗಿ ನೋಡುವವರ ಬಲಕ್ಕೆ ಚಾಚಿರಬೇಕು. ಫಿಲ್ಮ್ ತಿರುಗಿದ್ದರೆ ಎಡಕ್ಕೆ ಕಾಣುತ್ತದೆ. ಗ್ರೂಪ್‌ನಲ್ಲಿ ಅದನ್ನು ನೋಡಿದವರು "ಹೃದಯ ಬಲಕ್ಕಿದೆ" ಎಂದು ಗಾಬರಿಯಾಗಬಹುದು. ಹೃದಯ, ಲಿವರ್ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿ ಹುಟ್ಟುವವರು ನಿಜಕ್ಕೂ ಇದ್ದಾರೆ, ಆದರೆ ಸುಮಾರು 10 ಸಾವಿರಕ್ಕೆ ಒಬ್ಬರು. ಫಿಲ್ಮ್ ತಿರುಗಿಸಿ ಫೋಟೊ ತೆಗೆಯುವವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು.

ಪರೀಕ್ಷಿಸುವುದು ಸುಲಭ. ಫಿಲ್ಮ್‌ನ ಒಂದು ಬದಿಯಲ್ಲಿ ಇಂಗ್ಲಿಷಿನ ಆರ್ ಅಥವಾ ಎಲ್ ಅಕ್ಷರ ಇರುತ್ತದೆ. ಆರ್ ಎಂದರೆ ರೈಟ್, ರೋಗಿಯ ಬಲ. ಎಲ್ ಎಂದರೆ ಲೆಫ್ಟ್, ರೋಗಿಯ ಎಡ. ಅಕ್ಷರ ಸರಿಯಾಗಿ ಓದಲು ಬಂದರೆ ಫಿಲ್ಮ್ ಸಾಮಾನ್ಯವಾಗಿ ಸರಿ ಇದೆ. ಆರ್‌ನ ಹೊಟ್ಟೆ, ಎಲ್‌ನ ಕಾಲು ಎಡಕ್ಕೆ ಚಾಚಿದ್ದರೆ ಫಿಲ್ಮ್ ಉಲ್ಟಾ. ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಮೊಬೈಲ್‌ಗಳೂ ಇರುವುದರಿಂದ ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ. ಆ ಅಕ್ಷರ ಮತ್ತು ರೋಗಿಯ ಹೆಸರು ಫೋಟೊದಲ್ಲಿ ಬರುವಂತೆ ತೆಗೆದು ವೈದ್ಯರಿಗೆ ಮಾತ್ರ ಕಳಿಸಿ. ಗ್ರೂಪ್‌ಗೆ ಹಾಕುವುದಾದರೆ ಹೆಸರು ಮುಚ್ಚಿ.

ಅಂದಹಾಗೆ, ಹೃದಯ ಪೂರ್ತಿ ಎಡಗಡೆ ಇದೆ ಎಂಬುದೂ ಅರ್ಧ ಸತ್ಯವೇ. ಅದು ಎದೆಯ ನಡುವೆ, ಎದೆಯ ಎಲುಬಿನ ಹಿಂದೆ ಕೂತಿದೆ. ಮೂರರಲ್ಲಿ ಎರಡು ಪಾಲು ನಡುಗೆರೆಯಿಂದ ಎಡಕ್ಕೆ ವಾಲಿದೆ.

ಎದೆಯ ಎಕ್ಸ್‌ರೇ ಮೇಲೆ ಪಿಎ ಅಥವಾ ಎಪಿ ಎಂದೂ ಬರೆದಿರುತ್ತದೆ. ಪಿ ಎಂದರೆ ಹಿಂದೆ, ಎ ಎಂದರೆ ಮುಂದೆ. ಪಿಎ ಎಂದರೆ ಕಿರಣ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬಂದಿದೆ. ನಿಲ್ಲಬಲ್ಲ ರೋಗಿಗೆ ಎದೆಯನ್ನು ಪ್ಲೇಟಿಗೆ ಒತ್ತಿ ಹೀಗೆಯೇ ತೆಗೆಯುತ್ತಾರೆ. ಏಳಲಾಗದವರಿಗೆ ಮಂಚದಲ್ಲೇ ಎಪಿ ತೆಗೆಯುತ್ತಾರೆ. ಆಗ ಹೃದಯ ಪ್ಲೇಟಿನಿಂದ ದೂರವಿರುವುದರಿಂದ ಅದರ ನೆರಳು ಇರುವುದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ದೀಪದ ಮುಂದೆ ಕೈ ಹಿಡಿದಾಗ ಕೈ ಗೋಡೆಯಿಂದ ದೂರವಾದಷ್ಟೂ ನೆರಳು ದೊಡ್ಡದಾಗುವುದಿಲ್ಲವೇ, ಹಾಗೆ. "ಹೃದಯ ದೊಡ್ಡದಾಗಿದೆ" ಎಂದು ಎಪಿ ಫಿಲ್ಮ್ ನೋಡಿ ಯಾರಾದರೂ ಹೇಳಿದರೆ ವೈದ್ಯರನ್ನು ಕೇಳದೆ ನಂಬಬೇಡಿ.

ಬಲಗೈಗೆ ಲಕ್ವಾ, ರಿಪೋರ್ಟ್‌ನಲ್ಲಿ ಎಡ

ಎಡ ಬಲದ ಗೊಂದಲ ಮನೆಯವರನ್ನು ಅತಿ ಹೆಚ್ಚು ಕಾಡುವುದು ಲಕ್ವಾ ಹೊಡೆದಾಗ. ಬಲಗೈ ಬಲಗಾಲು ಬಿದ್ದಿದೆ, ಸಿಟಿ ರಿಪೋರ್ಟ್‌ನಲ್ಲಿ ಮಾತ್ರ ಲೆಫ್ಟ್ ಎಂದು ಬರೆದಿದೆ. "ರಿಪೋರ್ಟ್ ಅದಲಿಬದಲಿ ಆಗೈತಿ, ಬ್ಯಾರೆ ಕಡೆ ಮಾಡಿಸೋಣು" ಎಂಬ ಮಾತು ಏಳುವುದು ಇಲ್ಲೇ. ಹೊಸ ಸ್ಕ್ಯಾನಿಂಗ್ ಬೇಕಿಲ್ಲ. ಮೆದುಳಿನಿಂದ ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳಲ್ಲಿ ಹೆಚ್ಚಿನವು ಮೆದುಳಿನ ಬುಡದಲ್ಲಿ, ಕತ್ತಿಗೆ ಇಳಿಯುವ ಮುನ್ನ, ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಹಾಗಾಗಿ ಎಡ ಮೆದುಳಿಗೆ ರಕ್ತ ನಿಂತರೆ ಬಲ ಮೈ ಸೋಲುತ್ತದೆ. ಇದಕ್ಕೆ ರಿಪೋರ್ಟ್‌ನಲ್ಲಿ ಕಾಂಟ್ರಾಲ್ಯಾಟರಲ್ ಎನ್ನುತ್ತಾರೆ, ಎದುರು ಬದಿ ಎಂದರ್ಥ. ಅದೇ ಬದಿಯಾದರೆ ಇಪ್ಸಿಲ್ಯಾಟರಲ್. ಮೆದುಳಿನ ಹಿಂಭಾಗದ ಕೆಳಗಿರುವ ಕಿರುಮೆದುಳಿನ ತೊಂದರೆ ಮಾತ್ರ ಅದೇ ಬದಿಯ ಕೈಕಾಲಿನಲ್ಲಿ ಕಾಣುತ್ತದೆ.

ಇಲ್ಲಿ ಸಮಯವೇ ಚಿಕಿತ್ಸೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಿಪೋರ್ಟ್ ತಪ್ಪಿದೆ ಎಂದು ಇನ್ನೊಂದು ಕಡೆ ಅಲೆದರೆ ಆ ಹೊತ್ತು ಕಳೆದುಹೋಗುತ್ತದೆ.

ಇನ್ಫೀರಿಯರ್ ಎಂದರೆ ಕಳಪೆಯಲ್ಲ

ಶಾಲೆಯಲ್ಲಿ ಕಲಿತ ಇಂಗ್ಲಿಷ್ ಇಲ್ಲಿ ಕೈ ಕೊಡುತ್ತದೆ. ಸುಪೀರಿಯರ್ ಎಂದರೆ ಶ್ರೇಷ್ಠ, ಇನ್ಫೀರಿಯರ್ ಎಂದರೆ ಕೀಳು ಎಂದು ನಾವು ಓದಿದ್ದೇವೆ. ದೇಹದ ಭಾಷೆಯಲ್ಲಿ ಸುಪೀರಿಯರ್ ಅಂದರೆ ಮೇಲಿನದು, ತಲೆಯ ಕಡೆಯದು. ಇನ್ಫೀರಿಯರ್ ಅಂದರೆ ಕೆಳಗಿನದು, ಪಾದದ ಕಡೆಯದು. ಇಸಿಜಿ ನೋಡಿ "ಇನ್ಫೀರಿಯರ್ ವಾಲ್" ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಕೆಳಗೋಡೆಗೆ ರಕ್ತ ನಿಂತಿದೆ ಎಂದು. ಸಣ್ಣ ಅಟ್ಯಾಕ್ ಎಂದಲ್ಲ. ಹೃದಯದ ಈ ಗೋಡೆ ವಪೆಯ ಮೇಲೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಮೇಲೆ ಕೂತಿದೆ. ಹೀಗಾಗಿ ಈ ಬಗೆಯ ಅಟ್ಯಾಕ್‌ನಲ್ಲಿ ಕೆಲವರಿಗೆ ಎದೆಗಿಂತ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಂತಿ, ಬೆವರು ಕಾಣುತ್ತದೆ. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವ ಅಪಾಯ ಇಲ್ಲಿಯೇ ಹೆಚ್ಚು. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಬೇಕು.

ಉಳಿದ ಪದಗಳಲ್ಲಿ ಆ್ಯಂಟೀರಿಯರ್ ಎಂದರೆ ಮುಂದಿನದು, ಪೋಸ್ಟೀರಿಯರ್ ಎಂದರೆ ಹಿಂದಿನದು. ಸೂಪರ್ಫಿಶಿಯಲ್ ಎಂದರೆ ಚರ್ಮಕ್ಕೆ ಹತ್ತಿರ, ಡೀಪ್ ಎಂದರೆ ಒಳಗೆ. ಮೀಡಿಯಲ್ ಎಂದರೆ ದೇಹದ ನಡುಗೆರೆಯ ಕಡೆ, ಲ್ಯಾಟರಲ್ ಎಂದರೆ ಹೊರ ಬದಿಯ ಕಡೆ. ಮೊಣಕಾಲಿನ ಎಂಆರ್‌ಐಯಲ್ಲಿ "ಮೀಡಿಯಲ್ ಮೆನಿಸ್ಕಸ್" ಎಂದಿದ್ದರೆ ಎರಡು ಮೊಣಕಾಲು ಒಂದಕ್ಕೊಂದು ತಾಗುವ ಒಳಬದಿಯ ಮೆತ್ತೆ. ಒಂದು ಒಗಟು: ಹೆಬ್ಬೆರಳು ಮೀಡಿಯಲ್ಲೋ ಲ್ಯಾಟರಲ್ಲೋ? ಸುಮ್ಮನೆ ಕೈ ಇಳಿಬಿಟ್ಟಾಗ ಹೆಬ್ಬೆರಳು ಮುಂದಕ್ಕೋ ತೊಡೆಯ ಕಡೆಗೋ ಇರುತ್ತದೆ. ಅಂಗೈ ಮುಂದಕ್ಕೆ ತಿರುಗಿಸಿ ನಿಂತು ನೋಡಿ, ಹೊರಕ್ಕೆ ಹೋಗುತ್ತದೆ. ಆದ್ದರಿಂದ ಲ್ಯಾಟರಲ್.

ಇನ್ನು ಪ್ರಾಕ್ಸಿಮಲ್ ಮತ್ತು ಡಿಸ್ಟಲ್. ಮತ್ತೆ ಕಾಲುವೆಗೆ ಹೋಗೋಣ. ಕಾಲುವೆಯ ತಲೆ ಜಲಾಶಯದ ಹತ್ತಿರ, ಬಾಲ ದೂರದಲ್ಲಿ. ಟೇಲ್ ಎಂಡ್ ರೈತರಿಗೆ ನೀರು ಮುಟ್ಟಲಿಲ್ಲ ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲಿ ಓದುತ್ತೇವಲ್ಲ, ಕೈಕಾಲಿನಲ್ಲಿ ಆ ಟೇಲ್ ಎಂಡೇ ಡಿಸ್ಟಲ್. ಮುಂಡಕ್ಕೆ ಹತ್ತಿರದ ತುದಿ ಪ್ರಾಕ್ಸಿಮಲ್. ಬೈಕಿನಿಂದ ಬಿದ್ದು ಕೈ ಊರಿದವರ ಎಕ್ಸ್‌ರೇಯಲ್ಲಿ "ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್" ಎಂದಿರುತ್ತದೆ. ಹೆಬ್ಬೆರಳಿನ ಬದಿಯ ಎಲುಬು ಮಣಿಕಟ್ಟಿನ ಹತ್ತಿರ ಮುರಿದಿದೆ ಎಂದು ಅರ್ಥ. ಒಂದೇ ಎಲುಬು ಪ್ರಾಕ್ಸಿಮಲ್ ತುದಿಯಲ್ಲಿ ಮುರಿದರೆ ಮೊಣಕೈಯ ಸಮಸ್ಯೆ. ಪದ ಒಂದು ಬದಲಾದರೆ ಪ್ಲಾಸ್ಟರ್ ಹಾಕುವ ಜಾಗವೇ ಬದಲಾಗುತ್ತದೆ.

ಈ ಹೆಸರುಗಳನ್ನು ಒಂದೆಡೆ ಕೂತು ಒಪ್ಪಿಕೊಂಡಿದ್ದು 1895ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಮೊದಲು ಸುಮಾರು 5 ಸಾವಿರ ಭಾಗಗಳಿಗೆ ಸುಮಾರು 50 ಸಾವಿರ ಹೆಸರುಗಳು ಓಡಾಡುತ್ತಿದ್ದವಂತೆ. ಈಗ ಬಳಕೆಯಲ್ಲಿರುವ ಪಟ್ಟಿಗೆ ತಳಹದಿ 1998ರಲ್ಲಿ ಬಂದ ಟರ್ಮಿನೊಲೊಜಿಯಾ ಅನಾಟೊಮಿಕಾ.

ಬೈತಲೆ, ಹೇರ್‌ಬ್ಯಾಂಡ್, ಉಡದಾರ

ಎಂಆರ್‌ಐ ರಿಪೋರ್ಟ್‌ನಲ್ಲಿ ಸ್ಯಾಜಿಟಲ್, ಕರೋನಲ್, ಆ್ಯಕ್ಸಿಯಲ್ ಎಂಬ ಮೂರು ಪದ ಬಂದೇ ಬರುತ್ತವೆ. ಕರೋನಲ್ ನೋಡಿ ಕೊರೊನಾ ಬಂತೆಂದು ಹೆದರಬೇಡಿ. ಎರಡಕ್ಕೂ ಮೂಲ ಕಿರೀಟ ಎಂಬ ಅರ್ಥದ ಲ್ಯಾಟಿನ್ ಪದ, ಸಂಬಂಧ ಅಲ್ಲಿಗೇ ಮುಗಿಯಿತು.

ಇವು ದೇಹವನ್ನು ಯಾವ ಕಡೆಯಿಂದ ಹೋಳು ಮಾಡಿ ನೋಡಿದ್ದಾರೆ ಎಂಬುದರ ಹೆಸರು. ನಡುವೆ ಬೈತಲೆ ತೆಗೆದ ಗೆರೆಯನ್ನು ಹಾಗೆಯೇ ಮೂಗು, ಹೊಕ್ಕುಳದ ಮೂಲಕ ಕೆಳಗಿಳಿಸಿದರೆ ದೇಹ ಎಡ ಬಲವಾಗಿ ಬೇರೆಯಾಗುತ್ತದೆ. ಅದು ಸ್ಯಾಜಿಟಲ್. ಕಿವಿಯಿಂದ ಕಿವಿಗೆ ಹೇರ್‌ಬ್ಯಾಂಡ್ ಹಾಕಿದ ಗೆರೆಯನ್ನು ಕೆಳಗಿಳಿಸಿದರೆ ಮುಂದು ಹಿಂದು ಬೇರೆ. ಅದು ಕರೋನಲ್. ಸೊಂಟದ ಉಡದಾರದ ಸುತ್ತ ಅಡ್ಡಕ್ಕೆ ಕೊಯ್ದರೆ ಮೇಲು ಕೆಳಗು. ಅದು ಆ್ಯಕ್ಸಿಯಲ್.

ಮೊದಲ ಎರಡು ಹೆಸರು ಬಂದಿದ್ದು ತಲೆಬುರುಡೆಯ ಹೊಲಿಗೆಗಳಿಂದ. ಎಳೆಗೂಸಿನ ನೆತ್ತಿಗೆ ಅಜ್ಜಿ ಎಣ್ಣೆ ಇಡುವ ಆ ಮೆತ್ತನೆ ಜಾಗ ಇದೆಯಲ್ಲ, ಸ್ಯಾಜಿಟಲ್ ಹೊಲಿಗೆಯೂ ಕರೋನಲ್ ಹೊಲಿಗೆಯೂ ಕೂಡುವುದು ಅಲ್ಲಿಯೇ. ಸ್ಯಾಜಿಟಾ ಎಂದರೆ ಬಾಣ. ಹಿಂದಿನಿಂದ ಬಂದ ಬಾಣದಂತೆ ಆ ಗೆರೆ ನೆತ್ತಿಗೆ ನಾಟುತ್ತದೆ.

ಮೂರು ಕಡೆಯಿಂದ ಏಕೆ ನೋಡಬೇಕು? ಇಂಡಿಯ ಲಿಂಬೆಯೊಂದನ್ನು ಅಡ್ಡ ಕೊಯ್ದರೆ ಬಂಡಿಯ ಗಾಲಿಯಂತೆ ತೊಳೆಗಳು ಕಾಣುತ್ತವೆ. ತೊಟ್ಟಿನಿಂದ ತುದಿಗೆ ಕೊಯ್ದರೆ ಆ ಗಾಲಿ ಕಾಣುವುದೇ ಇಲ್ಲ. ಬೆನ್ನುಮೂಳೆಯ ಡಿಸ್ಕ್ ಹಿಂದಕ್ಕೆ ಉಬ್ಬಿರುವುದು ಸ್ಯಾಜಿಟಲ್ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಒತ್ತುತ್ತಿರುವುದು ಎಡ ನರವನ್ನೋ ಬಲ ನರವನ್ನೋ ಎಂಬುದಕ್ಕೆ ಆ್ಯಕ್ಸಿಯಲ್ ಬೇಕು. ಆ್ಯಕ್ಸಿಯಲ್ ಚಿತ್ರ ನೋಡುವಾಗ ಹೊರಸಿನ ಮೇಲೆ ಅಂಗಾತ ಮಲಗಿದವರ ಕಾಲ ಬಳಿ ನಿಂತಿದ್ದೀರಿ ಎಂದುಕೊಳ್ಳಿ. ಹೊಟ್ಟೆ ಮೇಲೆ, ಬೆನ್ನು ಕೆಳಗೆ, ಅವರ ಬಲ ನಿಮ್ಮ ಎಡಕ್ಕೆ.

ರೊಟ್ಟಿ ಬಡಿಯುವ ಕೈ

ಫಿಸಿಯೊಥೆರಪಿ ಚೀಟಿಯಲ್ಲಿ ಚಲನೆಯ ಹೆಸರುಗಳು ಬರುತ್ತವೆ. ಕೀಲು ಮಡಚುವುದು ಫ್ಲೆಕ್ಷನ್, ಚಾಚುವುದು ಎಕ್ಸ್‌ಟೆನ್ಷನ್. ಮೊಣಕೈ ಮುಂದಕ್ಕೆ ಮಡಚುತ್ತದೆ, ಮೊಣಕಾಲು ಹಿಂದಕ್ಕೆ, ಎರಡೂ ಫ್ಲೆಕ್ಷನ್ನೇ. ಬಸ್ಕಿ ಹೊಡೆಯುತ್ತ ಕೆಳಗಿಳಿದಾಗ ತೊಡೆಸಂದಿಯಲ್ಲೂ ಮೊಣಕಾಲಲ್ಲೂ ಫ್ಲೆಕ್ಷನ್, ಎದ್ದಾಗ ಎಕ್ಸ್‌ಟೆನ್ಷನ್. ಜೋಳದ ರೊಟ್ಟಿ ಬಡಿಯುವಾಗ ಅಂಗೈ ಕೆಳಕ್ಕೆ ತಿರುಗಿರುತ್ತದೆ, ಅದು ಪ್ರೊನೇಷನ್. ತೀರ್ಥಕ್ಕೆ ಕೈ ಒಡ್ಡಿದಾಗ ಅಂಗೈ ಮೇಲಕ್ಕೆ, ಅದು ಸುಪಿನೇಷನ್. ನಡೆಯುವಾಗ ಹೊಲದ ಬದುವಿನ ಮೇಲೆ ಪಾದ ಒಳಕ್ಕೆ ಹೊರಳಿ ಕಾಲು ಉಳುಕುತ್ತದಲ್ಲ, ಅದು ಇನ್ವರ್ಷನ್. ಹರಿಯುವುದು ಹೊರಬದಿಯ, ಅಂದರೆ ಲ್ಯಾಟರಲ್ ಬದಿಯ ಪಟ್ಟಿಗಳು.

ನಡುಗೆರೆಯಿಂದ ದೂರ ಒಯ್ಯುವುದು ಆ್ಯಬ್‌ಡಕ್ಷನ್, ಹತ್ತಿರ ತರುವುದು ಆ್ಯಡ್‌ಡಕ್ಷನ್. ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಆದ್ದರಿಂದ ವೈದ್ಯರೇ ಎ-ಬಿ ಡಕ್ಷನ್, ಎ-ಡಿ ಡಕ್ಷನ್ ಎಂದು ಬಿಡಿಸಿ ಹೇಳುತ್ತಾರೆ. ನೀವೂ ಬಿಡಿಸಿ ಕೇಳಿ. ತೊಡೆಸಂದಿಯ ಕೀಲು ಬದಲಿಸಿದ ಹಲವರಿಗೆ ಕೆಲವು ವಾರ ಕಾಲ ಮೇಲೆ ಕಾಲು ಹಾಕಬೇಡಿ ಎನ್ನುತ್ತಾರೆ, ಏಕೆಂದರೆ ಆ ಎ-ಡಿ ಚಲನೆಯಲ್ಲಿ ಕೀಲು ಜಾರಬಹುದು. ಧ್ವನಿ ಸಂದೇಶ ತಪ್ಪಾಗಿ ಕೇಳಿಸಿಕೊಂಡು ಮಾಡಿಸುವ ವ್ಯಾಯಾಮ ಇದಲ್ಲ.

ಕೈ ನೋವು ಎಂದರೆ ಎಲ್ಲಿ?

ತಪ್ಪು ಬರೀ ಇಂಗ್ಲಿಷ್ ಪದಗಳದ್ದಲ್ಲ. ಕನ್ನಡದಲ್ಲಿ ಕೈ ಎಂದರೆ ಭುಜದಿಂದ ಬೆರಳ ತುದಿಯವರೆಗೆ, ಕಾಲು ಎಂದರೆ ತೊಡೆಯಿಂದ ಪಾದದವರೆಗೆ. ನಮ್ಮ ಕಡೆ ಟೊಂಕ ಎಂದರೆ ಸೊಂಟವೂ ಹೌದು, ಬೆನ್ನಿನ ಕೆಳಭಾಗವೂ ಹೌದು. "ಟೊಂಕ ಹಿಡದೈತ್ರೀ" ಎಂದಷ್ಟೇ ಹೇಳಿದರೆ ಬೆನ್ನುಮೂಳೆಯೋ ತೊಡೆಸಂದಿಯೋ ಕಿಡ್ನಿಯ ಕಡೆಯೋ ವೈದ್ಯರಿಗೆ ಗೊತ್ತಾಗದು. ಆದರೆ ನಮ್ಮಲ್ಲಿ ರಟ್ಟೆ, ಮೊಣಕೈ, ಮಣಿಕಟ್ಟು, ಅಂಗೈ, ಮೀನಖಂಡ, ಹಿಮ್ಮಡ, ಅಂಗಾಲು, ಬಗಲು ಎಂಬ ಖಚಿತ ಪದಗಳೂ ಇವೆ. ಫೋನಿನಲ್ಲಿ ಅವನ್ನು ಬಳಸಿ, "ನನ್ನ ಬಲ" ಎಂದು ಸೇರಿಸಿ. ಎದುರಿಗೆ ಕೂತಿದ್ದರೆ ಒಂದೇ ಬೆರಳಿನಿಂದ ಜಾಗ ತೋರಿಸುವುದು ಇನ್ನೂ ಒಳ್ಳೆಯದು.

ಹಲ್ಲಿನ ಚೀಟಿಗೆ ಬೇರೆಯದೇ ಲೆಕ್ಕ. ಅಲ್ಲಿ 36 ಎಂದಿದ್ದರೆ ಮೂವತ್ತಾರನೇ ಹಲ್ಲಲ್ಲ, ಮೂರು ಮತ್ತು ಆರು. ಮೊದಲ ಅಂಕಿ ಬಾಯಿಯ ಕಾಲುಭಾಗ: 1 ನಿಮ್ಮ ಮೇಲಿನ ಬಲ, 2 ಮೇಲಿನ ಎಡ, 3 ಕೆಳಗಿನ ಎಡ, 4 ಕೆಳಗಿನ ಬಲ. ಎರಡನೆಯದು ನಡುಗೆರೆಯಿಂದ ಎಣಿಸಿದ ಹಲ್ಲು. ಕಣ್ಣಿನ ಚೀಟಿಯಲ್ಲಿ ಓಡಿ ಎಂದರೆ ಬಲಗಣ್ಣು, ಓಎಸ್ ಎಂದರೆ ಎಡಗಣ್ಣು. ಬೇರೆ ಔಷಧಿ ಚೀಟಿಯಲ್ಲಿ ಅದೇ ಓಡಿ ದಿನಕ್ಕೊಮ್ಮೆ ಎಂದಾಗುತ್ತದೆ. ಕಣ್ಣಿನ ಹನಿಗಳ ಚೀಟಿಯಲ್ಲಿ ಓಡಿ ಕಂಡರೆ ಎರಡರಲ್ಲಿ ಯಾವುದು ಎಂದು ಕೇಳಿಯೇ ಹೊರಬನ್ನಿ.

ಆಪರೇಷನ್ ದಿನ ಮೂರ್ನಾಲ್ಕು ಜನ ಬಂದು ಒಂದೇ ಪ್ರಶ್ನೆ ಕೇಳಿದರೆ ಬೇಸರಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯ ಪ್ರಕಾರ ಅರಿವಳಿಕೆ ಕೊಡುವ ಮೊದಲು ರೋಗಿಯ ಬಾಯಿಂದಲೇ ಹೆಸರು, ಯಾವ ಜಾಗ, ಯಾವ ಆಪರೇಷನ್ ಎಂದು ಖಚಿತಪಡಿಸಿಕೊಳ್ಳಬೇಕು, ಚರ್ಮದ ಮೇಲೆ ಗುರುತು ಹಾಕಬೇಕು. "ಆ ಕಾಲು" ಎನ್ನದೆ ಆ ಕಾಲಿನ ಮೇಲೆ ಕೈ ಇಟ್ಟು ಎಡ ಅಥವಾ ಬಲ ಎಂದು ಹೇಳಿ. ಯಾರೂ ಗುರುತು ಹಾಕದಿದ್ದರೆ ನೀವೇ ಕೇಳಿ. ಹಾಕಿದ್ದರೆ, ಮಡಿ ಸ್ನಾನದ ನೆಪದಲ್ಲಿ ಮನೆಯವರು ಅದನ್ನು ಸಾಬೂನು ಹಚ್ಚಿ ಉಜ್ಜದಂತೆ ನೋಡಿಕೊಳ್ಳಿ.